ಅಕ್ಕನ ಪೆಟ್ಟಿಗೆಯಲ್ಲಿ ತಮ್ಮನ ದನಿ

ಪಕ್ಕದ ಕಟ್ಟಡದ ಕೆಳಗಿನ ಅಂತಸ್ತಿನಲ್ಲಿ ದವಾಖಾನೆ ಇಟ್ಟಿದ್ದ ಹಲ್ಲಿನ ಡಾಕ್ಟರು ಮೊದಲ ಸಲ ದೂರು ಹೇಳಲು ಬಂದಾಗ ಸಿಗ್ನಲಪ್ಪ ಅವರನ್ನು ಬಾಗಿಲಲ್ಲೇ ನಿಲ್ಲಿಸಿ, ಪಾಠ ಹೇಳಿ ಕಳಿಸಿದ್ದ.

“ಸಾಯಂಕಾಲ ನಿಮ್ಮ ರೇಡಿಯೋ ಶುರುವಾದ್ರೆ ನಮ್ಮ ಕಾಯೋ ಕೋಣೆಯ ಸ್ಪೀಕರ್‌ನಲ್ಲಿ ಏನೋ ಗೊರಗೊರ ಅನ್ನುತ್ತೆ ಸಾರ್,” ಎಂದು ಡಾಕ್ಟರು ಸಂಕೋಚದಿಂದಲೇ ಹೇಳಿದ್ದರು. “ಹಲ್ಲುನೋವು ಅಂತ ಬಂದವರ ಮನಸ್ಸು ಬೇರೆ ಕಡೆ ಹೋಗಲಿ ಅಂತ ಮೆಲ್ಲಗೆ ಹಾಡು ಹಾಕಿರ್ತೀನಿ. ಅದರ ಮಧ್ಯೆ ಇದೊಂದು.”

“ಡಾಕ್ಟ್ರೇ, ನನ್ನ ಟ್ರಾನ್ಸ್‌ಮಿಟರ್ ತಿಳಿನೀರಿನಷ್ಟು ಶುದ್ಧ. ನನಗೆ ಅಂತ ಕೊಟ್ಟಿರೋ ಜಾಗ ಬಿಟ್ಟು ಕೂದಲೆಳೆಯಷ್ಟೂ ಆಚೆ ಹೋಗಲ್ಲ. ಕೇಳಿಸಿಕೊಳ್ಳಬಾರದ್ದನ್ನ ಕೇಳಿಸಿಕೊಳ್ತಿರೋದು ನಿಮ್ಮ ಪೆಟ್ಟಿಗೆ. ತಪ್ಪು ಅದರದು. ಒಳ್ಳೇದೊಂದು ತಗೊಳ್ಳಿ.”

ಪುಸ್ತಕದ ಪ್ರಕಾರ ನೋಡಿದರೆ ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅಗ್ಗದ ಪೆಟ್ಟಿಗೆಗಳಲ್ಲಿ ನೆರೆಯ ಬಲವಾದ ಅಲೆಯನ್ನು ಬಾಗಿಲಲ್ಲೇ ತಡೆಯುವ ಏರ್ಪಾಡು ಇರುವುದಿಲ್ಲ. ಸ್ಪೀಕರಿಗೆ ಎಳೆದ ತಂತಿಯೇ ಆಂಟೆನಾ ಆಗಿಬಿಡುತ್ತದೆ, ಕರೆಯದ ದನಿ ಒಳಗೆ ಬಂದು ಕೂರುತ್ತದೆ. ಡಾಕ್ಟರಿಗೆ ಇದೆಲ್ಲ ಗೊತ್ತಾಗಲಿಲ್ಲ. “ಸರಿ ಸಾರ್, ನೋಡೋಣ,” ಎಂದು ಹೋದರು. ಸಿಗ್ನಲಪ್ಪ ವಾದ ಗೆದ್ದ ಹುರುಪಿನಲ್ಲಿ ಮಹಡಿಯ ಮೆಟ್ಟಿಲು ಹತ್ತಿದ.

ಸಿಗ್ನಲಪ್ಪ ಎಂಬುದು ಬೀದಿಯವರು ಇಟ್ಟ ಹೆಸರು. ರೈಲು ಇಲಾಖೆಯ ಸಿಗ್ನಲ್ ವಿಭಾಗದಲ್ಲಿ ಕೂದಲು ನರೆಯುವ ತನಕ ದುಡಿದು ನಿವೃತ್ತನಾದ ಮೇಲೆ ಮನೆಯ ಮೇಲಿನ ಕೋಣೆಯಲ್ಲಿ ಹವ್ಯಾಸದ ರೇಡಿಯೋ ಕೇಂದ್ರ ಕಟ್ಟಿಕೊಂಡಿದ್ದ. ಟ್ರಾನ್ಸ್‌ಮಿಟರ್ ಅವನದೇ ಕೈಕೆಲಸ, ಹಳೇ ಕಾಲದ ಬಗೆಯದು. ಈಗಿನ ಹವ್ಯಾಸಿಗಳು ಬಳಸುವ ಸೆಟ್ಟುಗಳ ಮಾತು ಬೇರೆ ಪೆಟ್ಟಿಗೆಗೆ ನುಗ್ಗಿದರೆ ಬಾತುಕೋಳಿ ವಟಗುಟ್ಟಿದಂತೆ ಕೇಳಿಸುತ್ತದೆ, ಒಂದು ಪದವೂ ಅರ್ಥವಾಗುವುದಿಲ್ಲ. ಸಿಗ್ನಲಪ್ಪನಿಗೆ ಅಂಥ ಸೆಟ್ಟು ಬೇಡವಾಗಿತ್ತು. “ಮನುಷ್ಯನ ದನಿ ಮನುಷ್ಯನ ದನಿಯ ಹಾಗೇ ಹೋಗಬೇಕು,” ಎನ್ನುತ್ತಿದ್ದ. ಹಾಗೇ ಹೋಗುತ್ತಿತ್ತು, ಗಂಟೆ ಬಾರಿಸಿದಷ್ಟು ಸ್ಪಷ್ಟವಾಗಿ.

ದಿನಾ ಸಂಜೆ ಆ ಕಡೆ ಸಿಗುತ್ತಿದ್ದವನು ಹಡಗಿನವನು. ಹಡಗುಗಳಲ್ಲಿ ರೇಡಿಯೋ ಅಧಿಕಾರಿಯಾಗಿ ಲೋಕವೆಲ್ಲ ಸುತ್ತಿ, ಈಗ ದೂರದ ಊರಿನಲ್ಲಿ ಮೊಮ್ಮಕ್ಕಳ ನಡುವೆ ಕೂತವನು. ಇಬ್ಬರೂ ಒಬ್ಬರ ಮುಖ ಒಬ್ಬರು ಕಂಡವರಲ್ಲ. ಮುಖ ಕಾಣದ ಕಡೆ ನಾಲಿಗೆಗೆ ಲಗಾಮು ಕಮ್ಮಿ. ಹವಾಮಾನ, ತಂತಿ, ವಾಲ್ವು ಮುಗಿದ ಮೇಲೆ ಮಾತು ಮನೆಗೆ ತಿರುಗುತ್ತಿತ್ತು. ಮನೆಗೆ ತಿರುಗಿದರೆ ಅಕ್ಕನ ಮೇಲೇ ನಿಲ್ಲುತ್ತಿತ್ತು.

ಅಕ್ಕ ಅವನಿಗಿಂತ ಹನ್ನೊಂದು ವರ್ಷ ದೊಡ್ಡವಳು. ಅಮ್ಮ ತೀರಿಕೊಂಡಾಗ ಅವನಿನ್ನೂ ಚಡ್ಡಿ ಸರಿಯಾಗಿ ಹಾಕಿಕೊಳ್ಳಲು ಬಾರದ ಹುಡುಗ. ತಲೆ ಬಾಚಿ, ಮೂಗೊರೆಸಿ, ಓದಿಸಿ ದೊಡ್ಡವನನ್ನಾಗಿ ಮಾಡಿದ್ದು ಅವಳು. ಟೈಪಿಂಗ್ ಕಲಿಸುವ ಶಾಲೆ ಇಟ್ಟುಕೊಂಡು ಒಂಟಿಯಾಗಿಯೇ ಬದುಕಿದಳು. ರಸ್ತೆ ಅಗಲ ಮಾಡುವಾಗ ಅವಳಿದ್ದ ಬಾಡಿಗೆ ಮನೆ ಕೆಡವಿದರು. ಆಗ ಸಿಗ್ನಲಪ್ಪನ ಹೆಂಡತಿಯೇ ಹೋಗಿ ಕರೆತಂದಳು. ಕೆಳಗಿನ ಮೂಲೆಯ ಕೋಣೆ ಅಕ್ಕನದಾಯಿತು. ಎರಡು ಟ್ರಂಕು, ಒಂದು ಊರುಗೋಲು, ಹಾಡು ಕೇಳುವ ಪೆಟ್ಟಿಗೆ ಮತ್ತು ಅದರ ಜೋಡಿ ಸ್ಪೀಕರು, ಇಷ್ಟೇ ಅವಳ ಸಂಸಾರ.

ಮೊದಲ ತಿಂಗಳು ಎಲ್ಲ ಚೆನ್ನಾಗಿತ್ತು. ಆಮೇಲೆ ಸಣ್ಣ ಸಣ್ಣದಕ್ಕೆ ಸಿಗ್ನಲಪ್ಪನಿಗೆ ಮೈ ಪರಚಿಕೊಳ್ಳುವಂತಾಯಿತು. ತಿಂಡಿಯ ಹೊತ್ತಿಗೆ ಪತ್ರಿಕೆ ಹಿಡಿದು ಅದರ ಅಚ್ಚಿನ ತಪ್ಪುಗಳನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದಳು. ಬೆಳಕು ಹರಿಯುವ ಮುಂಚೆ ಊರುಗೋಲಿನ ಟಕಟಕ. ಮನೆಗೆ ಯಾರೇ ಬರಲಿ, ಅವರೆದುರಿಗೇ “ಗುಂಡ, ಕುರ್ಚಿ ಹಾಕೋ” ಎನ್ನುವಳು. ಕಡ್ಡಿಯಂತಿದ್ದ ಅರವತ್ತರ ಗಂಡಸಿಗೆ ಗುಂಡ ಎಂಬ ಹೆಸರು. ಎದುರಿಗೆ ಅವನು ಯಾವತ್ತೂ ತುಟಿ ಬಿಚ್ಚಲಿಲ್ಲ. “ಹೂಂ ಅಕ್ಕ,” “ಆಯ್ತು ಅಕ್ಕ,” ಇಷ್ಟೇ. ಉಳಿದದ್ದೆಲ್ಲ ಸಂಜೆ ಮೈಕಿನ ಮುಂದೆ.

“ನಮ್ಮನೆ ಮಹಾರಾಣಿ ಇವತ್ತೂ ಪತ್ರಿಕೆಗೆ ಮಾರ್ಕು ಹಾಕಿದ್ರು,” ಎಂದು ಶುರು ಮಾಡಿದರೆ ಹಡಗಿನವನು ಆಚೆ ಕಡೆ ನಗುತ್ತಿದ್ದ. ನಗುವವನೊಬ್ಬ ಸಿಕ್ಕರೆ ಹೇಳುವವನಿಗೆ ಹುಮ್ಮಸ್ಸು. ಅಕ್ಕನ ಕಟ್ಟಿಸಿದ ಹಲ್ಲು ಸಡಿಲವಾಗಿ ಊಟದಲ್ಲಿ ಕಟಕಟ ಅನ್ನುತ್ತಿದ್ದುದನ್ನು ಹಿಡಿದು, “ಶಾಲೆ ಮುಚ್ಚಿದ್ರೂ ಟೈಪ್‌ರೈಟರು ಬಾಯಲ್ಲೇ ಇಟ್ಕೊಂಡು ಬಂದಿದಾಳೆ ಕಣಯ್ಯಾ,” ಎಂದ ದಿನ ಹಡಗಿನವನಿಗೆ ಕೆಮ್ಮು ಬರುವಷ್ಟು ನಗು. ಇನ್ನೊಂದು ದಿನ, “ಬಂದ ನೆಂಟರು ಹೋಗ್ತಾರಪ್ಪ, ಇವಳು ನೆಂಟಳಲ್ಲ, ನೆಟ್ಟ ಕಂಬ,” ಎಂದ. ಆ ಮಾತು ಅವನಿಗೇ ಎಷ್ಟು ಹಿಡಿಸಿತೆಂದರೆ ಆ ವಾರದಲ್ಲಿ ಇನ್ನೂ ಎರಡು ಸಲ ಬಳಸಿದ.

ಕಾಲ ಕಳೆದಂತೆ ಅಕ್ಕ ಬದಲಾದಳು. ಪತ್ರಿಕೆಯನ್ನು ಮನಸ್ಸಿನಲ್ಲೇ ಓದತೊಡಗಿದಳು. ಊರುಗೋಲಿನ ತುದಿಗೆ ದಪ್ಪ ಬಟ್ಟೆ ಸುತ್ತಿ ದಾರ ಕಟ್ಟಿದಳು. ತಾನೇ ಪಕ್ಕದ ಡಾಕ್ಟರ ಹತ್ತಿರ ಹೋಗಿ ಹಲ್ಲಿನ ಕಟ್ಟು ಬಿಗಿ ಮಾಡಿಸಿಕೊಂಡು ಬಂದಳು. ಹೊರಗಿನವರ ಎದುರು ಗುಂಡ ಎನ್ನುವುದೂ ನಿಂತಿತು. ಸಿಗ್ನಲಪ್ಪ ಹೆಂಡತಿಯ ಹತ್ತಿರ, “ಅಕ್ಕ ಹೊಂದ್ಕೊಂಡ್ಲು ನೋಡು, ಟೈಮ್ ಬೇಕಿತ್ತು ಅಷ್ಟೇ,” ಎಂದ. ಹೆಂಡತಿ, “ಹೊಂದ್ಕೊಂಡಿದ್ದೋ, ಮುದುಡಿಕೊಂಡಿದ್ದೋ,” ಎಂದಳು. ಅವಳು ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಿದ್ದಳು, ಮನೆ ಸೇರುವ ಹೊತ್ತಿಗೆ ದೀಪ ಹೊತ್ತಿರುತ್ತಿತ್ತು. ಸಂಜೆ ಮನೆಯಲ್ಲಿ ಮೇಲೆ ಅವನು, ಕೆಳಗೆ ಅಕ್ಕ, ಇಬ್ಬರೇ.

ಕೊನೆಗೊಂದು ದಿನ ಊಟದ ನಡುವೆ ಅಕ್ಕ, “ನಾನು ಮುಂದಿನ ಭಾನುವಾರ ಹೊರಡ್ತೀನಿ,” ಎಂದಳು. ಅವಳ ಹಳೇ ಶಿಷ್ಯೆಯೊಬ್ಬಳು ಊರಿನ ಆಚೆ ತುದಿಯಲ್ಲಿ ದುಡಿಯುವ ಹೆಂಗಸರಿಗೆ ಹಾಸ್ಟೆಲ್ ನಡೆಸುತ್ತಿದ್ದಳು. ಮೇಲ್ವಿಚಾರಣೆಗೆ ಗಟ್ಟಿ ಹೆಂಗಸೊಬ್ಬಳು ಬೇಕಿತ್ತಂತೆ, ಇರಲು ಕೋಣೆಯನ್ನೂ ಕೊಡುತ್ತಾಳಂತೆ.

“ಯಾಕಕ್ಕ, ಇಲ್ಲೇನು ಕಮ್ಮಿ ಆಯ್ತು?” ಎಂದ ಸಿಗ್ನಲಪ್ಪ. ಕೇಳಲೇಬೇಕಾದ ಮಾತು, ಕೇಳಿದ.

“ಕಮ್ಮಿ ಏನಿಲ್ಲಪ್ಪ. ಕೈಕಾಲು ಆಡೋವಾಗ ಒಂದಿಷ್ಟು ಆಡ್ಸೋಣ ಅಂತ.”

ಮಾರನೇ ಸಂಜೆ ಹಡಗಿನವನಿಗೆ ಅವನು ಹೇಳಿದ ಮೊದಲ ಸುದ್ದಿಯೇ ಅದು. “ಕಂಬ ತಾನಾಗೇ ಕಿತ್ಕೊಂಡು ಹೊರಟಿದೆ ಮಾರಾಯ, ನಾನು ಗುದ್ದಲಿ ಕೂಡ ಹಿಡೀಲಿಲ್ಲ.”

ಆ ವಾರವೇ ಹಲ್ಲಿನ ಡಾಕ್ಟರು ಗ್ರಂಥಾಲಯದಲ್ಲಿ ಅವನ ಹೆಂಡತಿಗೆ ಸಿಕ್ಕು, ಸ್ಪೀಕರಿನ ವಿಷಯ ಇನ್ನೊಮ್ಮೆ ಎತ್ತಿದರು. ಹೊಸ ಪೆಟ್ಟಿಗೆ ತಂದರೂ ಅದೇ ಕಥೆಯಂತೆ. ಹೆಂಡತಿ ಮನೆಗೆ ಬಂದು ಚೀಲ ಇಡುವ ಮೊದಲೇ, “ಅವರು ಒಳ್ಳೇ ಜನ, ಜಗಳಕ್ಕೆ ಬರ್ತಿಲ್ಲ. ಭಾನುವಾರ ದವಾಖಾನೆ ರಜ. ಬೆಳಿಗ್ಗೆ ಬಾಗಿಲು ತೆಗೀತಾರಂತೆ. ಹೋಗಿ ನೋಡಿ,” ಎಂದಳು.

“ನೋಡೋದೇನಿದೆ? ನಂದು ಶುದ್ಧ…”

“ರೀ, ಶುದ್ಧ ಅಂತ ಗೊತ್ತಿರೋವಾಗ ನೋಡೋಕೆ ಹೆದರಿಕೆ ಯಾಕೆ?”

ಅಕ್ಕ ಹೊರಡಬೇಕಿದ್ದದ್ದೂ ಅದೇ ಭಾನುವಾರ, ಆದರೆ ಮಧ್ಯಾಹ್ನದ ಮೇಲೆ. ಬೆಳಿಗ್ಗೆ ತಿಂಡಿ ಆದ ಕೂಡಲೆ ಸಿಗ್ನಲಪ್ಪ ಹೆಂಡತಿಯನ್ನು ಮೈಕಿನ ಮುಂದೆ ಕೂರಿಸಿ, ಗುಂಡಿ ಒತ್ತುವುದು ಹೇಗೆಂದು ತೋರಿಸಿ, “ಸುಮ್ಮನೆ ಎಣಿಸ್ತಿರು. ನಾನು ಡಾಕ್ಟರ ಕೋಣೆಯಲ್ಲಿ ಕಿವಿ ಇಟ್ಟು ನೋಡಿ ಬರ್ತೀನಿ,” ಎಂದು ಕೆಳಗಿಳಿದ. ಸ್ಕ್ರೂಡ್ರೈವರು ಅಡುಗೆಮನೆಯ ಕಪಾಟಿನಲ್ಲಿತ್ತು. ಅದನ್ನು ತೆಗೆದುಕೊಳ್ಳಲು ಅಕ್ಕನ ಕೋಣೆಯ ಮುಂದೆ ಹಾದ.

ಒಳಗಿನಿಂದ ಅವನ ಹೆಂಡತಿಯ ದನಿ ಬರುತ್ತಿತ್ತು.

“ಆರು, ಏಳು, ಎಂಟು. ರೀ, ಕೇಳಿಸ್ತಾ ಇದೆಯಾ? ಈ ಮೇಜಿನ ಮೇಲೆ ಧೂಳು ನೋಡಿ, ಬೆರಳಲ್ಲಿ ರಂಗೋಲಿ ಬಿಡಿಸಬಹುದು. ಒಂಬತ್ತು, ಹತ್ತು…”

ಹೆಂಡತಿ ಮೇಲಿದ್ದಳು. ದನಿ ಕೆಳಗಿತ್ತು. ಸಿಗ್ನಲಪ್ಪ ಬಾಗಿಲಲ್ಲಿ ನಿಂತ. ಟ್ರಂಕುಗಳು ಮುಚ್ಚಿ ಸಿದ್ಧವಾಗಿದ್ದವು. ಕಟ್ಟದೆ ಉಳಿದದ್ದು ಹಾಡಿನ ಪೆಟ್ಟಿಗೆ ಒಂದೇ. ಅದರಲ್ಲಿ ಯಾವುದೋ ಹಳೇ ಹಾಡು ತೆಳ್ಳಗೆ ನಡೆದಿತ್ತು, ಹಾಡಿನ ಮೇಲೆ ಹೆಂಡತಿಯ ಮಾತು ದಪ್ಪಗೆ ಕೂತಿತ್ತು. ಅಕ್ಕ ಮಂಚದ ತುದಿಯಲ್ಲಿ ಮೊರ ಇಟ್ಟುಕೊಂಡು ಬಟಾಣಿ ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ, ಬೆರಗಾಗಲೂ ಇಲ್ಲ.

“ಅವಳ ದನಿ ನಿನ್ನದಕ್ಕಿಂತ ಚೆನ್ನಾಗಿ ಬರುತ್ತೆ,” ಎಂದಳು.

ಸಿಗ್ನಲಪ್ಪ ಒಂದು ಹೆಜ್ಜೆ ಒಳಗಿಟ್ಟ. “ನಂದು… ನಂದೂ ಬರ್ತಿತ್ತಾ?”

“ಬರದೇ ಏನು. ವಾಲ್ಯೂಮ್ ಪೂರ್ತಿ ಇಳಿಸಿದ್ರೂ ಬರುತ್ತೆ. ಹಾಡು ಸಣ್ಣಗಾಗುತ್ತೆ, ನೀನಾಗಲ್ಲ.”

“ಯಾವಾಗಿಂದ?”

“ನಾನು ಬಂದಾಗಿಂದ.” ಒಂದು ಸಿಪ್ಪೆ ಬಿಚ್ಚಿ ಹೆಬ್ಬೆರಳಿನಲ್ಲಿ ಕಾಳು ಉದುರಿಸಿದಳು. “ಹೋಗು, ಅವಳು ಪಾಪ ಎಣಿಸ್ತಾನೇ ಇದಾಳೆ.”

ಡಾಕ್ಟರ ದವಾಖಾನೆಗೆ ಆಗ ಅವನು ಹೋಗಲಿಲ್ಲ. ಹಜಾರದಲ್ಲಿ ಗೋಡೆಗೆ ಕೈ ಕೊಟ್ಟು ನಿಂತ. ಪತ್ರಿಕೆ ಓದುವುದು ನಿಂತದ್ದು ಯಾವ ಮಾತಿನ ಮೇಲೆ, ಊರುಗೋಲಿಗೆ ಬಟ್ಟೆ ಬಂದದ್ದು ಯಾವ ಮಾತಿನ ಮೇಲೆ, ಹಲ್ಲು ಬಿಗಿಯಾದದ್ದು ಯಾವ ತಮಾಷೆಯ ಮೇಲೆ, ಒಂದೊಂದಾಗಿ ಜೋಡಿಯಾಗುತ್ತ ಹೋಯಿತು. ಅವಳು ಹೊಂದಿಕೊಂಡಿರಲಿಲ್ಲ. ಅವನು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಪಾಲಿಸಿದ್ದಳು. ಕಂಬ ಎಂದಿದ್ದ, ಕಿತ್ತುಕೊಂಡು ಹೊರಟಿದ್ದಳು. ಭೂಮಿ ಬಾಯಿಬಿಡಬಾರದೇ ಎಂದು ಜನ ಅನ್ನುವುದನ್ನು ಕೇಳಿದ್ದ. ಬಿಡುವುದಿಲ್ಲ, ನೆಲ ಗಟ್ಟಿಯಾಗಿಯೇ ಇರುತ್ತದೆ, ನಾವೇ ಅದರ ಮೇಲೆ ನಿಂತಿರಬೇಕು.

ಮೇಲೆ ಹೋಗಿ ಹೆಂಡತಿಗೆ ಹೇಳಿದ. ಎಲ್ಲ ಹೇಳಲಿಲ್ಲ, ಹೇಳುವ ಅಗತ್ಯವೂ ಬೀಳಲಿಲ್ಲ. ಅವಳು ಮೈಕನ್ನು ಮೇಜಿನ ಮೇಲಿಟ್ಟು ಅವನ ಮುಖವನ್ನೇ ನೋಡಿದಳು.

“ಏನಂತಿದ್ರಿ ದಿನಾ?”

ಅವನು ಕಂಬದ ಮಾತು ಹೇಳಿದ. ಅವಳು ಎದ್ದು ಹೋದಳು. ಸ್ವಲ್ಪ ಹೊತ್ತಿಗೆ ಅವನು ಕೆಳಗಿಳಿದಾಗ ಅಕ್ಕನ ಕೋಣೆಯಲ್ಲಿ ಇಬ್ಬರೂ ಬಟಾಣಿ ಬಿಡಿಸುವ ಸದ್ದು ಕೇಳಿತು.

ಆಗ ಸಿಗ್ನಲಪ್ಪ ತನಗೆ ಬರುವ ಕೆಲಸದ ಹಿಂದೆ ಅಡಗಿಕೊಂಡ. ಸಾಮಾನಿನ ಡಬ್ಬಿ ಹೊತ್ತು ಅಕ್ಕನ ಕೋಣೆಗೆ ಬಂದು, “ಪೆಟ್ಟಿಗೆ ಸ್ವಲ್ಪ ನೋಡ್ತೀನಿ ಅಕ್ಕ,” ಎಂದ. ಅವಳು ಕಾಲು ಮಡಚಿ ಜಾಗ ಕೊಟ್ಟಳು. ಹೆಂಡತಿ ಮೊರ ಎತ್ತಿಕೊಂಡು ಹೊರಗೆ ಹೋದಳು.

ನೋಡಿದರೆ ಎಲ್ಲ ಅವನ ಕೈಯಿಂದಲೇ ಆದದ್ದು. ಅಕ್ಕ ಬಂದ ದಿನ ಸ್ಪೀಕರುಗಳನ್ನು ಅತ್ತೊಂದು ಇತ್ತೊಂದು ಗೋಡೆಗೆ ಹಾಕಿ, ಉದ್ದ ತಂತಿ ಎಳೆದವನು ಅವನೇ. ಆ ತಂತಿ ಓಡಿದ್ದ ಗೋಡೆಯ ಹೊರಗೇ, ನೇರ ಮೇಲಿನಿಂದ, ಅವನ ಆಂಟೆನಾದ ತಂತಿ ಇಳಿದಿತ್ತು. ಮೇಲೆ ಅವನು ಬಾಯಿ ತೆರೆದರೆ ಕೆಳಗೆ ಅವಳ ತಂತಿ ಕಿವಿ ತೆರೆಯುವಂತೆ ತಾನೇ ಜೋಡಿಸಿಟ್ಟಿದ್ದ.

ಸ್ಪೀಕರುಗಳನ್ನು ಪೆಟ್ಟಿಗೆಯ ಪಕ್ಕಕ್ಕೇ ತಂದ. ಹೆಚ್ಚಿನ ತಂತಿ ಕತ್ತರಿಸಿ, ಉಳಿದ ಗೇಣುದ್ದವನ್ನು ಕರಿಕಲ್ಲಿನಂಥ ಫೆರೈಟ್ ಉಂಗುರದೊಳಗೆ ಸುತ್ತು ಸುತ್ತಾಗಿ ತೂರಿಸಿದ. ಹೊರಗಿನ ಅಲೆ ತಂತಿ ಹಿಡಿದು ಬಂದರೆ ಆ ಉಂಗುರದಲ್ಲೇ ಉಸಿರು ಕಟ್ಟುತ್ತದೆ, ಹಾಡು ಮಾತ್ರ ದಾಟಿ ಹೋಗುತ್ತದೆ. ಕರೆಂಟಿನ ವಯರಿಗೂ ಅಂಥದ್ದೇ ಒಂದು ಉಂಗುರ. ಆಮೇಲೆ ಹಿತ್ತಲಿಗೆ ಹೋಗಿ ಏಣಿ ಹಾಕಿ, ಮನೆಯ ಗೋಡೆಗೆ ಕಟ್ಟಿದ್ದ ಆಂಟೆನಾದ ತುದಿಯನ್ನು ಬಿಚ್ಚಿ, ಕಾಂಪೌಂಡಿನ ಕೊನೆಯ ಕಬ್ಬಿಣದ ಕಂಬಕ್ಕೆ ಸಾಗಿಸಿದ. ಟ್ರಾನ್ಸ್‌ಮಿಟರಿನ ಶಕ್ತಿಯನ್ನು ಕಾಲು ಭಾಗಕ್ಕೆ ಇಳಿಸಿದ. ಹಡಗಿನವನ ಊರಿಗೆ ಅಷ್ಟು ಧಾರಾಳವಾಗಿ ಸಾಲುತ್ತಿತ್ತು. ಇಷ್ಟು ದಿನ ಉಳಿದ ಮುಕ್ಕಾಲನ್ನು ಬರಿಯ ಜಂಬಕ್ಕೆ ಉರಿಸಿದ್ದ.

ಮತ್ತೆ ಮೇಲೆ ಹೋಗಿ ಮೈಕಿಗೆ ಅಂಕಿ ಒದರಿ, ಕೆಳಗೆ ಬಂದ. ಅಕ್ಕನ ಪೆಟ್ಟಿಗೆಯಲ್ಲಿ ಹಾಡು ಒಂದೇ ಇತ್ತು.

“ಏನೂ ಬರ್ಲಿಲ್ವಲ್ಲ?”

“ಇಲ್ಲ.”

“ಇನ್ಮೇಲೆ ಕೇಳಿಸಲ್ಲ ಅಕ್ಕ.”

ಅಕ್ಕ ಪೆಟ್ಟಿಗೆಯ ಕಡೆ ನೋಡಿ, ಅವನ ಕಡೆ ನೋಡಿ, “ಒಳ್ಳೇದು,” ಎಂದಳು. “ಇನ್ಮೇಲೆ ನಿನಗೂ ಧಾರಾಳ.”

ಕೊಂಕಿನ ದನಿಯಲ್ಲಿ ಹೇಳಲಿಲ್ಲ. ಅದೇ ಅವನನ್ನು ಕುಕ್ಕಿತು. ಹೇಳಿದ ನಾಲಿಗೆಯನ್ನು ಬಿಟ್ಟು, ಕೇಳಿದ ಕಿವಿಗೆ ಬಿರಡೆ ಹಾಕಿ, ಕೆಲಸ ಮುಗಿಯಿತೆಂದು ಕೈ ಒರೆಸಿಕೊಳ್ಳುತ್ತಿದ್ದೇನೆ ಎಂದು ಆಗ ಹೊಳೆಯಿತು. ಆದರೂ, “ಡಾಕ್ಟರದ್ದೂ ಸರಿ ಮಾಡಿ ಬರ್ತೀನಿ,” ಎಂದು ಡಬ್ಬಿ ಎತ್ತಿಕೊಂಡು ಹೊರಬಿದ್ದ.

ಡಾಕ್ಟರು ರಜೆಯ ದಿನದ ಬಟ್ಟೆಯಲ್ಲಿ, ಕಾಯುವ ಕೋಣೆಯ ಬೆಂಚುಗಳನ್ನು ತಾವೇ ಒರೆಸುತ್ತಿದ್ದರು. ಸಿಗ್ನಲಪ್ಪ ಸ್ಟೂಲು ಹತ್ತಿ ಸ್ಪೀಕರಿನ ತಂತಿಗೆ ಉಂಗುರ ಹಾಕುತ್ತ, ಮುಖ ಗೋಡೆಯ ಕಡೆಗೇ ಇಟ್ಟು, “ಡಾಕ್ಟ್ರೇ, ಗೊರಗೊರ ಅಂದ್ರಲ್ಲ, ಬರೀ ಗೊರಗೊರನಾ?” ಎಂದು ಕೇಳಿದ.

ಡಾಕ್ಟರು ಒರೆಸುವುದನ್ನು ನಿಲ್ಲಿಸಿದರು. “ಮರ್ಯಾದೆಗೆ ಹಾಗಂದೆ ಸಾರ್.”

“ಮಾತು ಕೇಳ್ತಿತ್ತು.”

“ಕೇಳ್ತಿತ್ತು.” ಡಾಕ್ಟರೇ ಮುಂದುವರಿಸಿದರು. “ಹೇಳಬಾರದು ಅಂದ್ಕೊಂಡಿದ್ದೆ. ನೀವೇ ಕೇಳಿದ್ರಿ ಅಂತ ಹೇಳ್ತೀನಿ. ನಿಮ್ಮಕ್ಕ ಹಲ್ಲಿನ ಕಟ್ಟು ಸರಿ ಮಾಡಿಸೋಕೆ ಬಂದಿದ್ರಲ್ಲ, ಅವತ್ತು ಇಲ್ಲಿ ಬೆಂಚು ಭರ್ತಿ. ಅವರು ಆ ಮೂಲೇಲಿ ಕೂತಿದ್ರು. ಆಗ ನಿಮ್ಮ ಮಾತು ಬಂತು. ನೆಂಟಳಲ್ಲ, ನೆಟ್ಟ ಕಂಬ ಅಂತ. ಈ ಬೀದಿಯವರು ಮೂರ್ನಾಲ್ಕು ಜನ ಇದ್ರು, ದನಿ ಗುರ್ತು ಹಿಡಿದ್ರು. ಎಲ್ಲರೂ ನೆಲ ನೋಡೋಕೆ ಶುರು ಮಾಡಿದ್ರು. ನಾನು ಹೋಗಿ ಆರಿಸೋಣ ಅಂತ ಎದ್ದೆ.”

ಸಿಗ್ನಲಪ್ಪ ಗೋಡೆಯಿಂದ ಮುಖ ತಿರುಗಿಸಿದ.

“ಅಷ್ಟರಲ್ಲಿ ಅವರೇ ನಕ್ಕುಬಿಟ್ರು ಸಾರ್. ‘ನಮ್ಮ ತಮ್ಮ. ರೇಡಿಯೋದವರಿಗೆ ಒಂದು ನಾಟಕ ಮಾಡ್ತಿದಾನೆ, ಅದರದ್ದು ಅಭ್ಯಾಸ. ಅದರಲ್ಲಿ ಒಬ್ಬಳು ಮುದುಕಿ ಬರ್ತಾಳೆ, ಬಲು ತಮಾಷೆ ಪಾತ್ರ,’ ಅಂದ್ರು. ಎಲ್ಲರಿಗೂ ಉಸಿರು ಬಂತು, ನಕ್ಕರು. ‘ಚೆನ್ನಾಗಿ ಮಾಡ್ತಾರೆ ನಿಮ್ಮ ತಮ್ಮ,’ ಅಂತ ಒಬ್ಬರು ಅಂದ್ರು. ‘ಚಿಕ್ಕಂದಿನಿಂದ್ಲೂ ಹಾಗೇ, ಮಾತಲ್ಲಿ ಜಾಣ,’ ಅಂದ್ರು ಅವರು.” ಡಾಕ್ಟರು ಬಟ್ಟೆಯನ್ನು ಹಿಂಡಿ ಮಡಚಿದರು. “ಆಮೇಲೆ ಒಳಗೆ ಕುರ್ಚೀಲಿ ಕೂತಾಗ ಬಾಯಿ ತೆರೆಯೋಕೆ ಆಗ್ಲಿಲ್ಲ ಅವರಿಗೆ. ದವಡೆ ನಡುಗ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಮಾಡಿದೆ.”

ಸಿಗ್ನಲಪ್ಪ ಸ್ಟೂಲಿನಿಂದ ಇಳಿದ. ಅಕ್ಕ ಕೂತಿದ್ದ ಮೂಲೆಯ ಬೆಂಚನ್ನು ನೋಡಲಾಗದೆ ಕಿಟಕಿ ನೋಡಿದ. ಅವಳು ಎಲ್ಲರೆದುರು ಅತ್ತಿದ್ದರೆ, ಬಂದು ಅವನ ಕೆನ್ನೆಗೆ ಬಿಟ್ಟಿದ್ದರೆ, ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಬೀದಿಯಲ್ಲಿ ಅವನ ಮಾನ ಉಳಿಯಲಿ ಎಂದು ತನ್ನ ಮಾನವನ್ನು ನಗೆಪಾಟಲು ಮಾಡಿಕೊಂಡಿದ್ದಳು. ಆ ಸಂಜೆಯೂ ಮನೆಗೆ ಬಂದು ಅವನಿಗೆ ಕಾಫಿ ಬೆರೆಸಿ ಕೊಟ್ಟಿರಬೇಕು. ಅವನು ಕುಡಿದಿರಬೇಕು.

“ನಾನು ಅವತ್ತು ನಿಮಗೆ ಪಾಠ ಹೇಳಿ ಕಳಿಸಿದೆ,” ಎಂದ.

“ಬಿಡಿ ಸಾರ್.”

“ಬಿಡಬೇಡಿ ಡಾಕ್ಟ್ರೇ. ತಪ್ಪಾಯ್ತು.”

ಡಾಕ್ಟರಿಗೆ ಹೇಳುವುದು ಸುಲಭವಾಗಿತ್ತು. ಮನೆಯ ಹೊಸ್ತಿಲು ದಾಟಿದ ಮೇಲೆ ಅದೇ ಪದ ಕಲ್ಲಾಯಿತು. ಅಕ್ಕ ಊಟ ಮುಗಿಸಿ, ಹೊರಡುವ ಸೀರೆ ಉಟ್ಟು, ಮಂಚದ ಮೇಲೆ ಕೂತಿದ್ದಳು. ಹೆಂಡತಿ ಅಡುಗೆಮನೆಯಿಂದ ಹೊರಬರಲಿಲ್ಲ. ಸಿಗ್ನಲಪ್ಪ ಎದುರಿನ ಟ್ರಂಕಿನ ಮೇಲೆ ಕೂತ. ಚಡ್ಡಿ ಕಾಲದಲ್ಲಿ ಮಾರ್ಕು ಕಡಿಮೆ ಬಂದಾಗ ಕೂರುತ್ತಿದ್ದ ಹಾಗೇ, ಮೊಣಕಾಲು ಜೋಡಿಸಿಕೊಂಡು.

“ಡಾಕ್ಟರು ಹೇಳಿದ್ರು.”

ಅಕ್ಕನ ಮುಖ ಆಗ ಮಾತ್ರ ಬದಲಾಯಿತು. “ಅವರಿಗ್ಯಾಕೆ ಬೇಕಿತ್ತು,” ಎಂದಳು.

“ತಪ್ಪಾಯ್ತು ಅಕ್ಕ.” ಹೇಳಿದ ಮೇಲೆ ಅದು ಎಷ್ಟು ಚಿಕ್ಕ ಮಾತು ಎಂದು ಗೊತ್ತಾಯಿತು. “ಪೆಟ್ಟಿಗೆ ಆರಿಸಬಹುದಿತ್ತಲ್ಲ ನೀನು. ಯಾಕೆ ಕೇಳಿಸಿಕೊಂಡೆ ದಿನಾ?”

ಕೇಳಿದ ಕೂಡಲೆ ಅದೂ ಅವಳ ಮೇಲೇ ತಪ್ಪು ಹೊರಿಸಿದಂತಾಯಿತೆಂದು ನಾಲಿಗೆ ಕಚ್ಚಿಕೊಂಡ. ಅಕ್ಕ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದಳು.

“ಮೊದಮೊದಲು ಆರಿಸ್ತಿದ್ದೆ. ಆಮೇಲೆ ಬಿಟ್ಟೆ. ನೀನು ಬರೀ ನನ್ನನ್ನೇ ಆಡ್ಕೊಳ್ತಿರ್ಲಿಲ್ಲ ಕಣೋ. ರೈಲಿನ ಕಥೆ ಹೇಳ್ತಿದ್ದೆ. ಅಮ್ಮ ಮಾಡ್ತಿದ್ದ ಅಡುಗೆ ನೆನಪು ಮಾಡ್ಕೊಳ್ತಿದ್ದೆ. ಮೊದಲ ಸಲ ರೇಡಿಯೋ ಕಟ್ಟಿದಾಗ ಫ್ಯೂಸು ಹಾರಿ ಬೀದಿಯೆಲ್ಲ ಕತ್ತಲಾಗಿದ್ದು, ನಾನು ನಿನ್ನನ್ನ ಟ್ರಂಕಿನ ಹಿಂದೆ ಬಚ್ಚಿಟ್ಟಿದ್ದು, ಅದನ್ನೂ ಹೇಳಿದೆ ಅವನಿಗೆ ಒಂದಿನ. ನಕ್ಕು ನಕ್ಕು ಹೇಳಿದೆ. ನನ್ನೆದುರು ಕೂತು ಹೂಂ, ಆಯ್ತು, ಇಷ್ಟೇ ನಿನ್ನ ಮಾತು. ನಿನ್ನ ಪೂರ್ತಿ ದನಿ ಈ ಪೆಟ್ಟಿಗೇಲೇ ಬರ್ತಿತ್ತು. ಹುಳಿ ಇದೆ ಅಂತ ಹಣ್ಣು ಬಿಸಾಕೋಕಾಗುತ್ತಾ, ತಿಂತಿದ್ದೆ.”

ಸಿಗ್ನಲಪ್ಪ ತಲೆ ತಗ್ಗಿಸಿದ. ಕಣ್ಣೀರು ಬಂದರೆ ಅದೂ ತನಗೆ ಅನುಕೂಲವಾಗುತ್ತದೆ ಎನ್ನಿಸಿ ತಡೆದುಕೊಂಡ.

“ಹೋಗಬೇಡ ಅಕ್ಕ. ಇಲ್ಲೇ ಇರು.”

“ಇಲ್ಲಪ್ಪ, ಹೋಗ್ತೀನಿ.” ದನಿಯಲ್ಲಿ ಮುನಿಸಿರಲಿಲ್ಲ. ಟೈಪಿಂಗ್ ಶಾಲೆಯಲ್ಲಿ ಹುಡುಗಿಯರಿಗೆ ಹೇಳುವಾಗಿನ ನಿಖರತೆಯಿತ್ತು. “ಈಗ ನೀನು ಇಟ್ಕೊಂಡ್ರೆ ನಾಚಿಕೆಗೆ ಇಟ್ಕೊಂಡ ಹಾಗೆ. ನಾಚಿಕೆ ಎಷ್ಟು ದಿನ ಇರುತ್ತೆ? ಅದು ಹೋದ ದಿನ ಮತ್ತೆ ನಾನು ಕಂಬ. ಬೇಡ. ಅಲ್ಲಿ ನನಗೆ ಕೆಲಸ ಇದೆ, ನಾನಿಲ್ಲದೆ ನಡೆಯಲ್ಲ ಅನ್ನೋ ಜಾಗ ಇದೆ. ನೀನು ಹೇಳಿದ್ರಲ್ಲಿ ಅರ್ಧ ನಿಜವೇ ಇತ್ತು. ಬಾಯಿಬಿಟ್ಟು ನನ್ನೆದುರೇ ಹೇಳಿದ್ರೆ ಜಗಳ ಆಡಿ ಸರಿ ಮಾಡ್ಕೊಳ್ತಿದ್ವಿ.”

“ಹೇಳೋಕೆ ಧೈರ್ಯ ಇರ್ಲಿಲ್ಲ.”

“ಗೊತ್ತು. ಸಾಕಿದವಳಿಗೆ ಗೊತ್ತಾಗಲ್ವಾ?” ಎಂದು ಎದ್ದಳು. “ಟ್ರಂಕಿನ ಮೇಲಿಂದ ಏಳು. ಆಟೋದವನು ಬಂದ.”

ಹಾಸ್ಟೆಲಿನಲ್ಲಿ ಅವಳ ಕೋಣೆ ಚಿಕ್ಕದು, ಗಾಳಿ ಬೆಳಕು ಚೆನ್ನಾಗಿತ್ತು. ಸಿಗ್ನಲಪ್ಪ ಪೆಟ್ಟಿಗೆಯನ್ನು ಕಿಟಕಿಯ ಪಕ್ಕದ ಹಲಗೆಯ ಮೇಲೆ ಜೋಡಿಸಿ, ಸ್ಪೀಕರು ಕೂರಿಸಿ, ಹಾಡು ಹಾಕಿ ನೋಡಿದ. ಮೂರು ಜನ ಹುಡುಗಿಯರು ಬಾಗಿಲಲ್ಲಿ ಇಣುಕಿದರು. ಅಕ್ಕ ಅವರಿಗೆ, “ನನ್ನ ತಮ್ಮ,” ಎಂದಷ್ಟೇ ಹೇಳಿದಳು. ಅದಕ್ಕೆ ಹಿಂದೆ ಮುಂದೆ ಏನನ್ನೂ ಸೇರಿಸಲಿಲ್ಲ. ಸೇರಿಸಿದ್ದರೆ ಅಲ್ಲಿ ನಿಲ್ಲುವುದು ಅವನಿಂದ ಆಗುತ್ತಿರಲಿಲ್ಲ.

ಮರುದಿನ ಸಂಜೆ ಹಡಗಿನವನು ಎಂದಿನಂತೆ, “ಏನಪ್ಪ, ಕಂಬ ಹೊರಟ್ತಾ? ಓವರ್,” ಎಂದು ನಗುತ್ತ ಕೇಳಿದ. ಸಿಗ್ನಲಪ್ಪ ಗುಂಡಿ ಒತ್ತಿದ. ಆ ಅಲೆಯ ಮೇಲೆ ಕಿವಿ ಇಟ್ಟವರು ಇನ್ನೂ ಎಷ್ಟು ಜನವೋ, ಅದೂ ಈಗ ಮೊದಲ ಸಲ ನೆನಪಾಯಿತು. “ನಾನು ಇಷ್ಟು ದಿನ ಹೇಳಿದ್ದೆಲ್ಲ ಅವಳ ಕೋಣೆಯಲ್ಲಿ ಒಂದಕ್ಷರ ಬಿಡದೆ ಕೇಳಿಸ್ತಿತ್ತು,” ಎಂದ. “ತಪ್ಪು ನಂದು. ನೀನು ನಕ್ಕಿದ್ದೂ ಅವಳಿಗೆ ಕೇಳಿಸ್ತು ಅನ್ನೋಣ ಅಂದ್ರೆ, ನಿನ್ನ ದನಿ ಈ ಮನೇಲಿ ನನ್ನ ಕಿವಿಗೆ ಮಾತ್ರ ಬರ್ತಿತ್ತು. ಅದರಲ್ಲೂ ನೀನು ಬಚಾವ್. ಇನ್ಮೇಲೆ ಅವಳ ಮಾತು ಬೇಡ. ಓವರ್.”

ಆಚೆ ಕಡೆ ನಗು ನಿಂತಿತ್ತು. ಹಡಗಿನವನು, “ನಕ್ಕವನದ್ದೂ ತಪ್ಪೇ ಮಾರಾಯ,” ಎಂದ. ಅಂದು ಹವಾಮಾನದ ಮಾತೂ ಸಾಗಲಿಲ್ಲ.

ಮುಂದಿನ ಭಾನುವಾರ ಸಿಗ್ನಲಪ್ಪ ಹಾಸ್ಟೆಲಿಗೆ ಹೋದ. ಅಕ್ಕನೆದುರು ಕುರ್ಚಿ ಎಳೆದುಕೊಂಡು ಕೂತರೆ ಮಾತೇ ಇಲ್ಲ. “ಊಟ ಆಯ್ತಾ?” “ಆಯ್ತು.” “ನಿನ್ನ ಹೆಂಡತಿ ಹೇಗಿದಾಳೆ?” “ಚೆನ್ನಾಗಿದಾಳೆ.” ಹುಡುಗಿಯರು ಏನೋ ಕೇಳಿಕೊಂಡು ಬಂದಾಗಲೆಲ್ಲ ಇಬ್ಬರಿಗೂ ಬಿಡುಗಡೆಯಾದಂತಾಗುತ್ತಿತ್ತು. ಅವನು ಬೇಗ ಎದ್ದು ಬಂದ. ಅದರ ಮುಂದಿನ ವಾರವೂ ಹೋದ, ಆಗಲೂ ಅಷ್ಟೇ. ದಾರಿಯಲ್ಲಿ ಬರುವಾಗ, ಮುಖ ಕಾಣದವನ ಹತ್ತಿರ ಸಲೀಸಾಗಿ ಬರುತ್ತಿದ್ದ ಮಾತು ಎದುರು ಕೂತವಳ ಹತ್ತಿರ ಬರುವುದಿಲ್ಲವಲ್ಲ ಎಂದು ತನ್ನ ಮೇಲೇ ಹೇಸಿಕೆಯಾಗುತ್ತಿತ್ತು.

ಇನ್ನೊಂದು ಭಾನುವಾರ ಹೋದಾಗ ಅಕ್ಕನಿಗೆ ಬಿಡುವಿರಲಿಲ್ಲ. ನೀರಿನ ಪಂಪು ಕೆಟ್ಟು, ರಿಪೇರಿಯವನ ಜೊತೆ ಜೋರು ದನಿಯಲ್ಲಿ ವಾದ ನಡೆದಿತ್ತು. ಸೊಂಟಕ್ಕೆ ಸೆರಗು ಸಿಕ್ಕಿಸಿದ್ದಳು. ಅವನನ್ನು ಕಂಡು, “ಕೂತಿರು,” ಎಂದು ಮೊಗಸಾಲೆಯ ಬೆಂಚು ತೋರಿಸಿದಳು. ಮಗಳನ್ನು ನೋಡಲು ಬಂದ ತಂದೆತಾಯಂದಿರ ನಡುವೆ ಅವನು ಕೂತ. ಎದ್ದು ಹೋಗಲು ಒಳ್ಳೆಯ ನೆಪ ಸಿಕ್ಕಿತ್ತು. ಹೋಗಲಿಲ್ಲ. ಬೆಂಚಿನ ಜನ ಒಬ್ಬೊಬ್ಬರಾಗಿ ಖಾಲಿಯಾದರು.

ಅಕ್ಕ ಕೈ ಒರೆಸಿಕೊಳ್ಳುತ್ತ ಬಂದಾಗ ಬಿಸಿಲು ಇಳಿದಿತ್ತು.

“ಇನ್ನೂ ಇದೀಯಾ?”

“ಇದೀನಿ.” ಅವನು ಸರಿದು ಜಾಗ ಕೊಟ್ಟ. ಅವಳು ಕೂತು ಉಸಿರು ಬಿಟ್ಟಳು. ಏನಾದರೂ ಹೇಳಬೇಕೆಂದು ಬಾಯಿ ತೆರೆದವನು, ಏನೂ ಹೊಳೆಯದೆ, ಮನಸ್ಸಿಗೆ ಬಂದದ್ದನ್ನೇ ಆಡಿದ. “ಅಕ್ಕ, ನೀನು ಆ ಪಂಪಿನವನ ಹತ್ತಿರ ಬಲು ಜೋರು ಮಾಡಿದೆ. ಪಾಪ, ತಪ್ಪು ಅವನದಲ್ಲ. ವಯರಿಂಗ್ ಸರಿಯಿಲ್ಲ. ಇಲ್ಲಿಂದಲೇ ಕಾಣ್ಸುತ್ತೆ.”

ಅಕ್ಕ ಅವನತ್ತ ತಿರುಗಿದಳು. “ಮತ್ತೆ ಆಗಲೇ ಯಾಕೆ ಹೇಳ್ಲಿಲ್ಲ?”

“ನೀನು ಬೈತೀಯ ಅಂತ.”

“ಬೈತೀನಿ,” ಎಂದಳು ಅಕ್ಕ. “ಏಳು, ಎಲ್ಲಿ ಸರಿಯಿಲ್ಲ ತೋರಿಸು.”

ಇಬ್ಬರೂ ಪಂಪಿನ ಕೋಣೆಯ ಕಡೆ ಹೋದರು.